ಅಪ್‌ಡೇಟ್: ತಾಳವಾಡಿಯ ರಾಗಿ ಹೊಲ, ಯೂರಿಯಾ ಗೊಂದಲ

ಬಿತ್ತಿ ತಿಂಗಳಾಗಿದೆ, ರಾಗಿ ಹಳದಿ ತಿರುಗಿದೆ, ಎಕರೆಗೆ ಒಂದು ಮೂಟೆ ಯೂರಿಯಾ ಎರಚಿಬಿಡಲಾ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮಳೆ ಬರೋವರೆಗೆ ಕೈ ಕಟ್ಟಿಕೊಂಡಿರಿ, ಅರ್ಧ ಮೂಟೆ ಸಾಕು ಅಂದಿದ್ದಿರಿ. ಹಾಗೇ ಮಾಡಿದೆ.

ಒಂಬತ್ತು ದಿನ ಕಾದೆ. ಮಳೆ ಬಿದ್ದ ಮಾರನೇ ದಿನ ಕಳೆ ತೆಗೆಸಿ, ಸಾಲಿನ ಪಕ್ಕ 22 ಕೆಜಿ ಹಾಕಿ ಕುಂಟೆ ಹೊಡೆಸಿದೆ. ಯೂರಿಯಾದಲ್ಲಿ ಸಾರಜನಕ 46% ಅಲ್ವಾ, ಅಲ್ಲಿಗೆ ಹತ್ತು ಕೆಜಿ ಸಿಕ್ಕಿತು. ವಾರದಲ್ಲಿ ಹೊಲ ಹಸಿರಾಯಿತು. ಬುಡಕ್ಕೆ ನಾಲ್ಕೈದು ತೆಂಡೆ (ಬುಡದಿಂದ ಒಡೆಯೋ ಕವಲು) ಎಣಿಸಿದೆ.

ನಮ್ಮ ಚಿಕ್ಕಪ್ಪ ಕೇಳಲಿಲ್ಲ. ಒಣ ಮಣ್ಣಿಗೇ ಪೂರ್ತಿ ಮೂಟೆ ಎರಚಿದರು. ಬಿಸಿಲಿಗೆ ಸ್ವಲ್ಪ ಗಾಳಿಗೆ ಹೋಯಿತು. ಉಳಿದದ್ದು ಮಳೆ ಬಂದಾಗ ಒಟ್ಟಿಗೆ ಏರಿ, ಪೈರು ಸೊಕ್ಕಿ ಬೆಳೆದು ತೆನೆ ಹೊತ್ತಾಗ ಮಲಗಿತು. ಎಲೆ, ತೆನೆ ಒಣಗಿಸೋ ಬೆಂಕಿ ರೋಗವೂ (ಶಿಲೀಂಧ್ರದಿಂದ ಬರೋದು) ಜಾಸ್ತಿ. ಈಗ ಅವರ ಮುಂದೆ ಈ ಮಾತು ಎತ್ತೋ ಹಾಗಿಲ್ಲ!

ತೆನೆ ಬಿಚ್ಚುವಾಗ ಮಳೆ ಕೈಕೊಟ್ಟಿತು. ಬೋರಿನ ನೀರು ಎರಡು ಸಲ ಹಾಯಿಸಿದೆ. ಮೇಲ್ಗಡೆ ಮೂಲೆಗೆ ನೀರು ಹತ್ತಲಿಲ್ಲ. ಅಲ್ಲಿನ ತೆನೆ ಉಜ್ಜಿದರೆ ಬರೀ ಜೊಳ್ಳು. ಗೊಬ್ಬರ ಅಷ್ಟೇ, ಬಿತ್ತನೆ ಅದೇ, ನೀರೊಂದೇ ವ್ಯತ್ಯಾಸ.

ಹೋದ ವರ್ಷ ಎಕರೆಗೆ 7 ಕ್ವಿಂಟಲ್, ಈ ಸಲ ಹತ್ತೂವರೆ. ಮುಂದಿನ ಸಲ ಅದೇ ಹೊಲಕ್ಕೆ ಅವರೆ ಅಕ್ಕಡಿ (ರಾಗಿ ಸಾಲುಗಳ ನಡುವೆ ಒಂದೊಂದು ಸಾಲು ಅವರೆ) ಹಾಕೋಣ ಅಂತಿದ್ದೇನೆ. ಎಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕ್ತೀರಿ ನೀವು?