ಮರದ ಮೇಲೆ ಚೈನ್‌ಸಾ: ಹಾರ್ನೆಸ್‌ಗೆ ಎಲ್ಲಿ, ಹೇಗೆ ಸಿಗಿಸುವುದು?

ಕೇಳಿದವರು: ಶಿರಸಿ ಕಡೆಯ ತೋಟದವರು

ಮಳೆಗಾಲ ಹಿಡಿಯುವುದರೊಳಗೆ ಅಂಗಳದ ಹಲಸು, ತೋಟದ ಮೇಲಿನ ಬೆಟ್ಟದ ಎರಡು ಮತ್ತಿ ಮರಗಳ ಟೊಂಗೆ ಇಳಿಸಬೇಕಾಗಿದೆ. ಹಾರ್ನೆಸ್ (ಮರ ಹತ್ತುವವರು ಸೊಂಟ, ತೊಡೆಗೆ ಬಿಗಿದುಕೊಳ್ಳುವ ಪಟ್ಟಿ) ಇದೆ: ಎರಡೂ ಪಕ್ಕೆಗೆ ಕಬ್ಬಿಣದ ರಿಂಗು, ಮುಂದೆ ಹಗ್ಗದ ಸೇತುವೆ, ಹಿಂದೆ ಸಣ್ಣ ಸಣ್ಣ ಕುಣಿಕೆಗಳು. ಚೈನ್‌ಸಾ ಮಷಿನ್ ಮೇಲ್ಹಿಡಿಕೆಯದ್ದು (ಹಿಡಿಕೆ ಎಂಜಿನ್ ಮೇಲೆಯೇ ಇರುವಂಥದ್ದು), 12 ಇಂಚಿನ ಬಾರ್ (ಚೈನ್ ಓಡುವ ಅಲಗು). ಅಡಿಕೆ ಕೊನೆ ಇಳಿಸುವ ಕೊನೆಗೌಡರು ಸೊಂಟದ ಕೊಕ್ಕೆಗೆ ಕತ್ತಿ ಸಿಗಿಸಿ ಹತ್ತುವ ಹಾಗೆ ಇದನ್ನೂ ಸಿಗಿಸಿಕೊಂಡು ಹತ್ತಬಹುದೇ? ಮಷಿನ್ ಕಟ್ಟುವ ಹಗ್ಗ ಎಷ್ಟುದ್ದ ಬಿಡಬೇಕು? ಪಕ್ಕೆಯ ರಿಂಗಿಗೇ ಕಟ್ಟಿದರೆ ಗಟ್ಟಿ ಅಲ್ಲವೇ? ಬಲ್ಲವರು ತಿಳಿಸಿ.

ಯಲ್ಲಾಪುರದಿಂದ, ಟೊಂಗೆ ಇಳಿಸುವ ಕೆಲಸದವರು

ಗಟ್ಟಿ ಇದೆ ಎಂಬ ಕಾರಣಕ್ಕೇ ಪಕ್ಕೆಯ ರಿಂಗಿಗೆ ಕಟ್ಟಬಾರದು. ಆ ರಿಂಗೂ ಮುಂದಿನ ಸೇತುವೆಯೂ ನಿಮ್ಮ ಜೀವ ಹಿಡಿಯುವ ಜಾಗ. ಅಲ್ಲಿ ಮಷಿನಿನ ಕೊಂಡಿ ಬಂದರೆ ನಿಮ್ಮ ಹಗ್ಗದ ಕ್ಯಾರಬಿನರ್ (ಸ್ಪ್ರಿಂಗ್ ಬಾಗಿಲಿನ ಕೊಂಡಿ) ಅಡ್ಡಡ್ಡ ತಿರುಗಿ, ಅದರ ಬಾಗಿಲ ಮೇಲೆ ಭಾರ ಬೀಳುತ್ತದೆ. ಕ್ಯಾರಬಿನರಿಗೆ ಉದ್ದಕ್ಕೆ ಇರುವ ತಾಕತ್ತು ಅಡ್ಡಕ್ಕೆ ಇಲ್ಲ. ಇನ್ನು ಕೈ ತಡಕಿ ಮಷಿನ್ ಬಿಚ್ಚುವಾಗ ನಿಮ್ಮದೇ ಕೊಂಡಿ ಬಿಚ್ಚಿಕೊಳ್ಳುವ ಅಪಾಯ ಬೇರೆ.

ಹಾರ್ನೆಸ್‌ನ ಪುಸ್ತಿಕೆಯಲ್ಲಿ ಸಾಮಾನು ಸಿಗಿಸುವ ಜಾಗ ತೋರಿಸಿರುತ್ತಾರೆ. ಮಷಿನನ್ನು ಹಾರ್ನೆಸ್‌ಗೆ ತೂಗುಹಾಕುವ ಪಟ್ಟಿಯ ಮೇಲ್ತುದಿ ಹಿಂಬದಿಯಲ್ಲಿ, ಬೆನ್ನಿನ ನಡುವಿನಿಂದ ಸ್ವಲ್ಪ ಬಲಕ್ಕೆ ಇರುವ ದಪ್ಪ ಕುಣಿಕೆಗೆ ಹೋಗಬೇಕು. ತೆಳು ಪ್ಲಾಸ್ಟಿಕ್ ಕುಣಿಕೆ ಕೈಗರಗಸಕ್ಕೆ ಸಾಕು, ಮಷಿನ್‌ಗೆ ಬೇಡ. ಕಟ್ಟಡ ಕೆಲಸದ ಸೇಫ್ಟಿ ಬೆಲ್ಟ್ ಹಾಕುವವರು ಬೆನ್ನ ಮೇಲಿನ ರಿಂಗಿಗೆ ಕಟ್ಟುವುದುಂಟು. ಅದು ಬಿದ್ದಾಗ ಹಿಡಿಯಲು ಇಟ್ಟ ರಿಂಗು. ಅಲ್ಲಿಂದ ಬಂದ ಪಟ್ಟಿ ಹೆಗಲ ಮೇಲೆ, ಕುತ್ತಿಗೆ ಪಕ್ಕದಲ್ಲಿ ಓಡಾಡುತ್ತದೆ.

ಕತ್ತಿಯ ಹೋಲಿಕೆ ಇಲ್ಲಿ ನಡೆಯದು. ಕೊಕ್ಕೆಯಲ್ಲಿ ತೂಗುವ ಕತ್ತಿ ತಾನಾಗಿ ಏನೂ ಮಾಡದು, ಮಷಿನ್ ಹಾಗಲ್ಲ. ಹತ್ತುವಾಗ ಸೊಂಟದಲ್ಲಿ ಮಷಿನ್ ಬೇಡವೇ ಬೇಡ. ನೀವು ಮೊದಲು ಹತ್ತಿ, ಎರಡು ಕಡೆ ಕಟ್ಟಿಕೊಂಡು ಕುಳಿತ ಮೇಲೆ ಕೆಳಗಿನವರು ಬೇರೆ ಹಗ್ಗದಲ್ಲಿ ಕಳಿಸಲಿ. ಕೆಳಗೇ ಒಮ್ಮೆ ಸ್ಟಾರ್ಟ್ ಮಾಡಿ ಬಿಸಿ ಮಾಡಿ, ಬಂದ್ ಮಾಡಿ, ಚೈನ್ ಓಡದಂತೆ ತಡೆಯುವ ಚೈನ್ ಬ್ರೇಕ್ ಹಾಕಿ, ಬಾರಿಗೆ ಕವಚ ತೊಡಿಸಿ ಕಟ್ಟಬೇಕು. ಮೇಲೆ ಬಂದಾಗ ಮೊದಲು ಪಟ್ಟಿ ಸಿಗಿಸಿ, ಆಮೇಲೆ ಏರಿಸಿದ ಹಗ್ಗ ಬಿಚ್ಚಿ. ಈ ಕ್ರಮ ತಿರುವುಮುರುವು ಆದಾಗಲೇ ಮಷಿನ್ ಕೆಳಗೆ ಬೀಳುವುದು.

ಕುಮಟಾದಿಂದ, ಮಷಿನ್ ರಿಪೇರಿಯವರು

ಮಷಿನಿನ ಕಡೆಯ ವಿಷಯ ಹೇಳುತ್ತೇನೆ. ಮರ ಹತ್ತಿ ಕೊಯ್ಯಲೆಂದೇ ಮಾಡಿದ ಮಷಿನಿನ ಹಿಂಭಾಗದಲ್ಲಿ ಕಣ್ಣು (ಕೊಂಡಿ ಸಿಗಿಸುವ ರಿಂಗು) ಇರುತ್ತದೆ. ಕೊಂಡಿ ಅದಕ್ಕೇ ಹಾಕಬೇಕು. ಅಲ್ಲಿಂದ ತೂಗಿದರೆ ಬಾರ್ ನೇರ ಕೆಳಮುಖ ಆಗುತ್ತದೆ. ಮುಂದಿನ ಹಿಡಿಕೆಗೆ ಕಟ್ಟಿದರೆ ಮಷಿನ್ ಅಡ್ಡ ಮಲಗಿ, ಬಾರಿನ ಮೂತಿ ತೊಡೆಯ ಕಡೆಗೋ ಹಗ್ಗದ ಕಡೆಗೋ ತಿರುಗುತ್ತಲೇ ಇರುತ್ತದೆ.

ಕೃಷಿ ಅಂಗಡಿಗಳಲ್ಲಿ ಸಿಗುವ 52, 58 ಸಿಸಿಯ ಹಿಂಹಿಡಿಕೆಯ ಮಷಿನ್‌ಗಳು ಬಾರ್, ಪೆಟ್ರೋಲ್ ಸೇರಿ ಆರೇಳು ಕಿಲೋ ತೂಗುತ್ತವೆ. ಸಾಮಾನ್ಯವಾಗಿ ಕಣ್ಣೂ ಇರುವುದಿಲ್ಲ. ಅಂಥದ್ದನ್ನು ಸೊಂಟಕ್ಕೆ ಕಟ್ಟಲೇಬೇಡಿ ಮಾರಾಯ್ರೆ. ದೊಡ್ಡ ಮಷಿನ್ ಬೇಕೇ ಬೇಕೆಂದರೆ ನಿಮಗಿಂತ ಮೇಲಿನ ಟೊಂಗೆಗೆ ಅದರದ್ದೇ ಬೇರೆ ಹಗ್ಗ ಹಾಕಿ ತೂಗಿಸಿ, ಭಾರ ಮರ ಹೊರಲಿ.

ಸೈಲೆನ್ಸರ್ ಕಡೆ ಗಮನ ಇರಲಿ. ಪೇಟೆಯ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನ್, 160 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕರಗುತ್ತದೆ. ಕೊಯ್ದು ಮುಗಿಸಿದ ಮಷಿನಿನ ಸೈಲೆನ್ಸರ್ ಅದಕ್ಕಿಂತ ಬಿಸಿ ಇರುತ್ತದೆ. ಆದ್ದರಿಂದ ಮಷಿನ್ ತೂಗುವಾಗ ಸೈಲೆನ್ಸರ್ ಹೊರಮುಖ ಇರಬೇಕು, ನಿಮ್ಮ ಹಗ್ಗದ ಕಡೆಗಲ್ಲ. ಟ್ಯಾಂಕಿನ ಮುಚ್ಚಳದ ವಾಶರ್ ಹಳತಾಗಿದ್ದರೆ ತಲೆಕೆಳಗಾದ ಮಷಿನ್‌ನಿಂದ ಪೆಟ್ರೋಲ್ ಒಸರಿ ಪ್ಯಾಂಟಿಗೆ ಬರುತ್ತದೆ. ಹತ್ತುವ ಮೊದಲೇ ಬಾರ್ ಕೆಳಗೆ ಮಾಡಿ ಹತ್ತು ನಿಮಿಷ ತೂಗುಹಾಕಿ ನೋಡಿ.

ಸಿದ್ದಾಪುರದಿಂದ, ಹಗ್ಗದ ಕೆಲಸ ಕಲಿಸುವವರು

ಪಟ್ಟಿಯ ಉದ್ದ: 1ರಿಂದ 1.2 ಮೀಟರ್, ಅದೂ ಒಳಗೆ ಎಲಾಸ್ಟಿಕ್ ಇರುವ ನೆರಿಗೆಯ ಪಟ್ಟಿ. ಎರಡು ಅಳತೆ ನೋಡಿಕೊಳ್ಳಬೇಕು. ಎರಡೂ ಕೈ ಪೂರ್ತಿ ಚಾಚಿ ಕೊಯ್ಯುವಾಗ ಪಟ್ಟಿ ಮಷಿನನ್ನು ಹಿಂದಕ್ಕೆ ಎಳೆಯಬಾರದು. ಕೈಬಿಟ್ಟರೆ ಮಷಿನ್ ಮೊಣಕಾಲು, ಪಾದಗಳ ಮಟ್ಟ ದಾಟಿ ಕೆಳಗೆ ನಿಲ್ಲಬೇಕು. ಗಿಡ್ಡ ಪಟ್ಟಿಯಾದರೆ ಬಾರ್ ಸರಿಯಾಗಿ ಮೀನಖಂಡದ ಪಕ್ಕ ಬಂದು ನಿಲ್ಲುತ್ತದೆ.

ಎಲಾಸ್ಟಿಕ್ ಯಾಕೆಂದರೆ ಲೆಕ್ಕ ಹೀಗೆ. 5 ಕಿಲೋ ಮಷಿನ್ ಕೈತಪ್ಪಿ 1 ಮೀಟರ್ ಬಿತ್ತು ಅನ್ನಿ. ಹಿಗ್ಗದ ಹಗ್ಗ ಅದನ್ನು 2 ಸೆಂಟಿಮೀಟರ್‌ನಲ್ಲಿ ತಡೆದರೆ ಸರಾಸರಿ ಎಳೆತ ಸುಮಾರು 250 ಕಿಲೋ ಭಾರದಷ್ಟು. ಅದೇ 25 ಸೆಂಟಿಮೀಟರ್ ಹಿಗ್ಗಿ ತಡೆದರೆ 25 ಕಿಲೋದಷ್ಟು. ಮೊದಲನೆಯದಕ್ಕೆ ಮಷಿನಿನ ಕಣ್ಣು ಮುರಿಯಬಹುದು, ನಿಮ್ಮ ಸೊಂಟವೂ ತಿರುಚಬಹುದು.

ಇನ್ನೊಂದು, ಇದಕ್ಕಿಂತ ಮುಖ್ಯ. ಕೊಯ್ಯುವ ಸೀಳು ಮುಚ್ಚಿಕೊಂಡು ಬಾರ್ ಸಿಕ್ಕಿಬಿದ್ದಾಗ ಟೊಂಗೆ ಮುರಿದರೆ ಮಷಿನ್ ಟೊಂಗೆಯ ಜೊತೆಗೇ ಹೊರಡುತ್ತದೆ. ಪಟ್ಟಿ ಬಿಡದಿದ್ದರೆ ಆ ಭಾರವೆಲ್ಲ ನಿಮ್ಮ ಸೊಂಟಕ್ಕೆ. ಅದಕ್ಕೇ ಒಳ್ಳೆಯ ಪಟ್ಟಿಗಳಲ್ಲಿ ಜೋರಾಗಿ ಎಳೆದರೆ ತಾನೇ ಹರಿಯುವ ಹೊಲಿಗೆ ಇಡುತ್ತಾರೆ. ಮಷಿನ್ ಹೋದರೆ ಹೋಗಲಿ ಎಂಬುದೇ ಅದರ ಲೆಕ್ಕ.

ಶಿರಸಿಯವರು ಮತ್ತೆ

ಹರಿಯುವ ಹೊಲಿಗೆಯ ಪಟ್ಟಿ ಇಲ್ಲಿ ಅಂಗಡಿಯಲ್ಲಿ ಸಿಗಲಿಲ್ಲ. ನಡುವೆ ಎರಡು ಸುತ್ತು ಸುತಳಿ ಕಟ್ಟಿದರೆ ಅದೇ ಕೆಲಸ ಆಗದೇ?

ಸಿದ್ದಾಪುರದವರು

ಆಗದು. ಸುತಳಿ ಸೆಣಬಿನದು. ಒದ್ದೆಯಾಗಿ ಒಣಗಿ, ಬಿಸಿಲು ತಿಂದು ಬರಬರುತ್ತ ಎಷ್ಟಕ್ಕೆ ಹರಿಯುತ್ತದೆ ಎಂಬ ಭರವಸೆ ಇರದು. ಬರೀ ಮಷಿನ್ ಕೈಬಿಟ್ಟಾಗಲೇ ಹರಿಯಬಹುದು, ಟೊಂಗೆ ಎಳೆದಾಗ ಹರಿಯದೆಯೂ ಇರಬಹುದು. ಗಂಟು ಹಾಕುವ ಕೈಯ ಮೇಲೂ ಹೋಗುತ್ತದೆ. ಮಷಿನ್‌ಗೆ ಅಷ್ಟು ಸಾವಿರ ಕೊಟ್ಟ ಮೇಲೆ ಪಟ್ಟಿ ತರಿಸಿಕೊಳ್ಳುವುದೇ ಸರಿ. ಅದು ಬರುವವರೆಗೆ ಕೈಗರಗಸದಲ್ಲಿ ಮಾಡಿ. 33 ಸೆಂಟಿಮೀಟರ್ ಬಾಗಿದ ಗರಗಸ ಹತ್ತು ಸೆಂಟಿಮೀಟರ್ ದಪ್ಪದ ಹಲಸಿನ ಟೊಂಗೆಯನ್ನು ಸಲೀಸಾಗಿ ಕೊಯ್ಯುತ್ತದೆ. ಮನೆಯಂಗಳದ ಕೆಲಸ ಬಹುಪಾಲು ಅಷ್ಟರಲ್ಲೇ ಮುಗಿಯುತ್ತದೆ ಎಂದು ನನ್ನ ಅಭಿಪ್ರಾಯ.

ಕಾರವಾರದಿಂದ

ಪಾದದ ಕೆಳಗೆ ತೂಗಬೇಕು ಎಂದದ್ದಕ್ಕೆ ಒಂದು ತಿದ್ದುಪಡಿ. ಕೊಯ್ಯುವಾಗ ಮಾತ್ರ ಹಾಗೆ. ಜಾಗ ಬದಲಿಸುವಾಗ ಉದ್ದಕ್ಕೆ ತೂಗಿದ ಮಷಿನ್ ಕೆಳಗಿನ ಕವಲಿಗೆ ಸಿಕ್ಕಿ ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ಪಟ್ಟಿಯ ಮಷಿನ್ ಕಡೆಯ ತುದಿಯ ಹತ್ತಿರ ಒಂದು ರಿಂಗು ಇರುತ್ತದೆ. ಎಂಜಿನ್ ಬಂದ್, ಬ್ರೇಕ್ ಹಾಕಿ, ಆ ರಿಂಗನ್ನು ಬಲಪಕ್ಕೆಯ ಸಾಮಾನು ಕೊಕ್ಕೆಗೆ ಗಿಡ್ಡಕ್ಕೆ ಸಿಗಿಸಿ ಆಮೇಲೆ ಹೆಜ್ಜೆ ಎತ್ತಬೇಕು. ಆ ಕೊಕ್ಕೆ ಸಾಮಾನಿಗೆ ಮಾತ್ರ, ಮೈಭಾರಕ್ಕೆ ಅಲ್ಲ. ಬಾರ್ ಹಿಂದಕ್ಕೆ, ಕೆಳಕ್ಕೆ ಇರಲಿ.

ನಮ್ಮ ಕಡಲ ಬದಿಯ ಗಾಳಿಮರದ ಕೆಲಸಕ್ಕೆ ಇನ್ನೊಂದು ಮಾತು: ಉಪ್ಪುಗಾಳಿಗೆ ಕ್ಯಾರಬಿನರ್ ಬಾಗಿಲಿನ ಸ್ಪ್ರಿಂಗ್ ಬೇಗ ಬಿಗಿದುಕೊಳ್ಳುತ್ತದೆ. ಅರ್ಧ ತೆರೆದೇ ನಿಂತ ಬಾಗಿಲು ಕಣ್ಣಿಗೆ ಮುಚ್ಚಿದ ಹಾಗೆ ಕಾಣುತ್ತದೆ. ಕೆಲಸ ಮುಗಿದ ದಿನವೇ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬಾಗಿಲಿನ ಸಂದಿಗೆ ಒಂದು ಹನಿ ಎಣ್ಣೆ ಬಿಡಿ. ಎಣ್ಣೆ ಪಟ್ಟಿಗೆ ತಾಗಬಾರದು.

ಯಲ್ಲಾಪುರದವರು ಮತ್ತೆ

ಮರ ಹತ್ತುವ ಮೊದಲು ನೆಲದಿಂದ ಎರಡಡಿ ಎತ್ತರದಲ್ಲಿ ಹಾರ್ನೆಸ್‌ನಲ್ಲಿ ಕುಳಿತು ಎಂಜಿನ್ ಬಂದ್ ಇಟ್ಟೇ ಎಲ್ಲವನ್ನೂ ಮಾಡಿ ನೋಡಿ. ಎಡಕ್ಕೆ, ಬಲಕ್ಕೆ, ಎದೆಮಟ್ಟಕ್ಕೆ ಚಾಚಿ. ಪಟ್ಟಿ ಯಾವ ಭಂಗಿಯಲ್ಲಿ ಆಕ್ಸಿಲರೇಟರ್ ಮೇಲೆ ಬರುತ್ತದೆ, ಯಾವಾಗ ಕೊಯ್ಯುವ ಗೆರೆಗೆ ಅಡ್ಡ ಬರುತ್ತದೆ ಎಂದು ಅಲ್ಲೇ ಗೊತ್ತಾಗುತ್ತದೆ. ಪಟ್ಟಿ ತೋಳಿನ ಕೆಳಗಿನಿಂದ ಬರಬೇಕು, ಮೇಲಿನಿಂದಲ್ಲ.

ಕೊಯ್ಯುವಾಗ ಎರಡೂ ಕೈ ಮಷಿನ್ ಮೇಲೆ. ಮೇಲ್ಹಿಡಿಕೆ ಇದೆ ಎಂದು ಒಂದೇ ಕೈಯಲ್ಲಿ ಕೊಯ್ದು ಇನ್ನೊಂದರಲ್ಲಿ ಟೊಂಗೆ ಹಿಡಿಯುವ ಚಾಳಿಯೇ ಕೈ ಕಳೆಯುವುದು. ಎರಡು ಕೈ ಬಿಡಬೇಕೆಂದರೆ ಮೈ ಎರಡು ಕಡೆ ಕಟ್ಟಿರಬೇಕು: ಮೇಲಿನ ಮುಖ್ಯ ಹಗ್ಗ ಒಂದು, ಕಾಂಡ ಸುತ್ತಿ ಪಕ್ಕೆಯ ರಿಂಗುಗಳಿಗೆ ಬಂದ ಹಗ್ಗ ಇನ್ನೊಂದು. ಒಳಗೆ ಉಕ್ಕಿನ ತಂತಿ ಇರುವ ಹಗ್ಗ ಒಳ್ಳೆಯದು, ಆದರೆ ತಂತಿ ಇದೆ ಎಂದು ಧೈರ್ಯ ಬೇಡ. ಓಡುವ ಚೈನ್ ಅದನ್ನೂ ಕೊಯ್ಯುತ್ತದೆ. ತೆಂಗು ಹತ್ತುವ ಯಂತ್ರದ ಮೇಲೆ ನಿಂತು ಮಷಿನ್ ಓಡಿಸುವ ಯೋಚನೆಯೂ ಬೇಡ.

ಅಂಗಳದ ಹಲಸಿನ ಹತ್ತಿರ ಕರೆಂಟ್ ತಂತಿ ಇದ್ದರೆ ಹೆಸ್ಕಾಂ ಸೆಕ್ಷನ್ ಕಚೇರಿಗೆ ಮೊದಲೇ ಹೇಳಿ ಲೈನ್ ತೆಗೆಸಿ. ಹೆಜ್ಜೇನು ಇದೆಯೇ ಎಂದು ಹಿಂದಿನ ದಿನವೇ ಕತ್ತೆತ್ತಿ ನೋಡಿ, ಮಷಿನ್ ಸದ್ದಿಗೆ ಅದು ಎದ್ದರೆ ಮೇಲಿದ್ದವರಿಗೆ ಓಡಲು ದಾರಿ ಇಲ್ಲ. ಕೆಳಗೆ ಇರುವವರಿಗೆ ಒಂದೇ ಕಟ್ಟಪ್ಪಣೆ: ನಿಮ್ಮ ಕೂಗು ಕೇಳದೆ ಮರದಡಿ ಬರಬಾರದು. ಹೊಲಿಗೆ ಹರಿದರೆ ಮಷಿನ್ ಬೀಳುವುದು ಅಲ್ಲಿಗೇ.