ಎಬೆನೇಜರ್ ಚರ್ಚ್‌ನಲ್ಲಿ ಪಾಸ್ಟರ್ ಪಟ್ಟ ವಂಶಪಾರಂಪರ್ಯವೇ?

ಉಡುಪಿ ಹುಡುಗಿ:
ಮಗಳ ಪ್ರಾಜೆಕ್ಟ್‌ಗೆ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಓದುತ್ತಿದ್ದೆ. ಅಟ್ಲಾಂಟಾದ ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಮೊದಲು ಅವರ ತಾಯಿಯ ತಂದೆ ಪಾಸ್ಟರ್, ಆಮೇಲೆ ತಂದೆ, ಆಮೇಲೆ ಇವರು. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಬಿಷಪ್ ಆಫೀಸಿನಿಂದ ವರ್ಗಾವಣೆ ಬಂತು ಅಂದ್ರೆ ನಮ್ಮ ಸಭಾಪಾಲಕರು ಗಂಟುಮೂಟೆ ಕಟ್ಟಲೇಬೇಕು. ಅಲ್ಲಿ ಒಂದೇ ಮನೆಯವರು ಅಷ್ಟು ವರ್ಷ ಇದ್ದದ್ದು ಹೇಗೆ?

ಅಟ್ಲಾಂಟಾ ಅಂಕಲ್:
ಬ್ಯಾಪ್ಟಿಸ್ಟರಲ್ಲಿ ಮೇಲಿಂದ ಕಳಿಸೋಕೆ ಬಿಷಪ್ಪೇ ಇಲ್ಲಮ್ಮ. ಸಭೆಯ ಸದಸ್ಯರೇ ಪಾಸ್ಟರ್‌ನ ಆರಿಸುತ್ತಾರೆ. ಅವರಿಗೆ ಬೇಕಿರುವಷ್ಟು ಕಾಲ ಇರಬಹುದು, ಬೇಡವಾದ ದಿನ ಹೊರಡಬೇಕು.

ಈ ಸಭೆ ಶುರುವಾದದ್ದು 1886ರಲ್ಲಿ, ಜಾನ್ ಪಾರ್ಕರ್ ಮೊದಲ ಪಾಸ್ಟರ್. 1894ರಲ್ಲಿ ಕಿಂಗ್ ಅವರ ತಾಯಿಯ ತಂದೆ ಆಡಂ ಡೇನಿಯಲ್ ವಿಲಿಯಮ್ಸ್ ಬಂದಾಗ ಇದ್ದ ಸದಸ್ಯರು ಬರೀ 13. ಸ್ವಂತ ಕಟ್ಟಡವೂ ಇರಲಿಲ್ಲ. 1913ರ ಹೊತ್ತಿಗೆ ಸುಮಾರು 750 ಜನ! ಆಬರ್ನ್ ಅವೆನ್ಯೂದಲ್ಲಿ ಜಾಗ ಕೊಂಡು, ಮೊದಲು ನೆಲಮಾಳಿಗೆ ಕಟ್ಟಿ, 1922ಕ್ಕೆ ಇಡೀ ಕಟ್ಟಡ ಮುಗಿಸಿದರು. ಗುಲಾಮರ ಮನೆಯ ಮಗ ಈ ಮನುಷ್ಯ. ಅಟ್ಲಾಂಟಾದಲ್ಲಿ ಕಪ್ಪು ಮಕ್ಕಳಿಗೆ ಒಂದೂ ಸರ್ಕಾರಿ ಹೈಸ್ಕೂಲ್ ಇಲ್ಲದಿದ್ದಾಗ ಹೋರಾಡಿದವರಲ್ಲಿ ಇವರೂ ಒಬ್ಬರು. ಆ ಶಾಲೆ 1924ರಲ್ಲಿ ತೆರೆಯಿತು, ಮುಂದೆ ಮೊಮ್ಮಗನೂ ಅಲ್ಲೇ ಓದಿದ. ನನ್ನ ಮಟ್ಟಿಗೆ ಎಬೆನೇಜರ್ ಅಂದ್ರೆ ವಿಲಿಯಮ್ಸ್ ಚರ್ಚು. ಎಲ್ಲರೂ ಮೊಮ್ಮಗನ ಹೆಸರು ಹೇಳುತ್ತಾರೆ, ಆದ್ರೆ ಆತ ಅಲ್ಲಿ ಮುಖ್ಯ ಪಾಸ್ಟರ್ ಆಗಲೇ ಇಲ್ಲ! ಮೊದಲು ಮಾಂಟ್‌ಗೊಮರಿಯ ಡೆಕ್ಸ್‌ಟರ್ ಅವೆನ್ಯೂ ಚರ್ಚ್‌ನಲ್ಲಿದ್ದರು. 1960ರಲ್ಲಿ ಇಲ್ಲಿಗೆ ಬಂದದ್ದು ಅಪ್ಪನ ಜೊತೆ ಸಹ ಪಾಸ್ಟರ್ ಆಗಿ.

ಮೈಸೂರು ಮಲ್ಲಿಗೆ:
ಆದ್ರೂ ಮಾವನ ನಂತರ ಅಳಿಯನಿಗೇ ಸಿಕ್ಕಿತಲ್ಲ ಅಂಕಲ್? ಓಟು ಸುಮ್ನೆ ಹೆಸರಿಗೆ ಅನ್ನಿಸುತ್ತೆ.

ಅಟ್ಲಾಂಟಾ ಅಂಕಲ್:
ಅಳಿಯ ಅನ್ನೋದು ಸಹಾಯಕ್ಕೆ ಬಂದಿರಬಹುದು, ಇಲ್ಲ ಅನ್ನಲ್ಲ. ಆದ್ರೆ ಅಳಿಯ ಪಾಸ್ಟರ್ ಆದ 1931 ಅಂದ್ರೆ ಮಹಾ ಆರ್ಥಿಕ ಕುಸಿತದ ಕಾಲ, ಆಗ ಸಭೆ ನಡೆಸೋದು ಆರತಿ ತಟ್ಟೆಗೆ ಕಾಸು ಬಿದ್ದಷ್ಟು ಸುಲಭ ಇರಲಿಲ್ಲ. ಅಳಿಯ 1975ರ ತನಕ ನಡೆಸಿದರು.

ಮಗಳು ಆಲ್ಬರ್ಟಾಳನ್ನು ಯಾರೂ ನೆನೆಯಲ್ಲ. ವಿಲಿಯಮ್ಸರ ಮಗಳು, ಕಿಂಗ್ ಸೀನಿಯರ್ ಹೆಂಡತಿ, ಲೂಥರ್ ಕಿಂಗ್ ತಾಯಿ. ಮೂರು ತಲೆಮಾರಿನ ಪಾಸ್ಟರ್‌ಗಳನ್ನು ಜೋಡಿಸಿದವರೇ ಅವರು. ಚರ್ಚ್‌ನ ಆರ್ಗನ್ ಅವರದ್ದೇ ಕೆಲಸ. 1974ರ ಜೂನ್ 30, ಭಾನುವಾರ. ಆರಾಧನೆಯಲ್ಲಿ ಆರ್ಗನ್ ನುಡಿಸುತ್ತಿದ್ದಾಗಲೇ ಒಬ್ಬ ಯುವಕ ಎದ್ದು ಗುಂಡು ಹಾರಿಸಿದ. ಅವರೂ ಒಬ್ಬ ಡೀಕನ್ನರೂ (ಸಭೆಯ ಸೇವೆಗೆ ನೇಮಕವಾದವರು) ಸತ್ತರು. 1968ರಲ್ಲಿ ಮಗ ಕೊಲೆಯಾಗಿದ್ದ. ಮರುವರ್ಷ ಇನ್ನೊಬ್ಬ ಮಗ, ಇದೇ ಚರ್ಚ್‌ನ ಸಹ ಪಾಸ್ಟರ್, ಮನೆಯ ಈಜುಕೊಳದಲ್ಲಿ ಸತ್ತು ಬಿದ್ದಿದ್ದ. ಇಷ್ಟಾದರೂ ಆ ಮನೆಯವರು ಕೊಲೆಗಾರನಿಗೆ ಗಲ್ಲು ಬೇಡ ಅಂದರು. ಅವನ ಶಿಕ್ಷೆ ಕೊನೆಗೆ ಜೀವಾವಧಿ ಆಯಿತು.

1975ರಲ್ಲಿ ಸಭೆ ಆರಿಸಿದ್ದು ಮನೆಯವರನ್ನಲ್ಲ, ಪ್ರೆಸ್ಬಿಟೇರಿಯನ್ ಅನ್ನೋ ಬೇರೆ ಪ್ರಾಟೆಸ್ಟೆಂಟ್ ಪಂಗಡದಿಂದ ಬಂದ ಜೋಸೆಫ್ ರಾಬರ್ಟ್ಸ್ ಅವರನ್ನು. 2005ರಿಂದ ರಫಾಯಲ್ ವಾರ್ನಾಕ್. ಅವರು 2021ರಲ್ಲಿ ಸೆನೆಟರ್ ಆದರು, ಪಾಸ್ಟರ್ ಕೆಲಸ ಮಾತ್ರ ಬಿಡಲಿಲ್ಲ.

ಉಡುಪಿ ಹುಡುಗಿ:
ಆಲ್ಬರ್ಟಾ ಬಗ್ಗೆ ಗೊತ್ತೇ ಇರಲಿಲ್ಲ, ಪ್ರಾಜೆಕ್ಟ್‌ಗೆ ಅವರನ್ನೇ ಹಾಕಿಸ್ತೀನಿ. ನಮ್ಮ ದೇಶಕ್ಕೆ ಏನಾದ್ರೂ ನಂಟು ಇದೆಯಾ?

ಅಟ್ಲಾಂಟಾ ಅಂಕಲ್:
ಇದೆ. 1959ರ ಭಾರತ ಪ್ರವಾಸದಲ್ಲಿ ತಿರುವನಂತಪುರದ ಒಂದು ಶಾಲೆಯಲ್ಲಿ ಕಿಂಗ್ ಅವರನ್ನು ದಲಿತ ಮಕ್ಕಳಿಗೆ 'ಅಮೆರಿಕದ ಅಸ್ಪೃಶ್ಯ' ಅಂತ ಪರಿಚಯ ಮಾಡಿಸಿದರಂತೆ. ಮೊದಲು ಸಿಟ್ಟು ಬಂತು, ಆಮೇಲೆ ಯೋಚಿಸಿದಾಗ ನಿಜ ಅನ್ನಿಸಿತು. ಇದನ್ನು ಅವರು ಹೇಳಿದ್ದು 1965ರ ಜುಲೈ 4ರಂದು, ಎಬೆನೇಜರ್‌ನಲ್ಲಿ ಮಾಡಿದ ಧರ್ಮೋಪದೇಶದಲ್ಲೇ. ಮಗಳನ್ನು ಕರ್ಕೊಂಡು ಬಂದ್ರೆ ಹಳೇ ಕಟ್ಟಡ ನೋಡಿ. ಅಲ್ಲಿಗೆ ಟಿಕೆಟ್ ಇಲ್ಲ. ಈಗಿನ ಆರಾಧನೆ ನಡೆಯೋದು ರಸ್ತೆಯಾಚೆ, 1999ರ ಹೊಸ ಕಟ್ಟಡದಲ್ಲಿ.