ಓದಿದರೆ ಅರ್ಥವಾಗುತ್ತೆ, ಬರೆಯಲು ಕೂತರೆ ಪದ ಬರಲ್ಲ: ನೀವು ಇಂಗ್ಲಿಷ್ ಪದ ಕಲಿತದ್ದು ಹೇಗೆ?

ಕೇಳಿದವರು

ಏಳು ವರ್ಷ ಕೆಲಸ ಮಾಡಿ ಈಗ ಸಂಶೋಧನೆಗೆ ಸೇರಿಕೊಂಡಿದ್ದೇನೆ. ಶಾಲೆಯಲ್ಲಿ ಓದಿದ್ದು ಕನ್ನಡದಲ್ಲಿ. ಇಂಗ್ಲಿಷ್ ಪ್ರಬಂಧ ಕೈಗೆ ಕೊಟ್ಟರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಬರೆಯಲು ಕೂತರೆ ಮಾತ್ರ ಗುಡ್, ಬಿಗ್, ಇಂಪಾರ್ಟೆಂಟ್, ಮತ್ತೆ ಇಂಪಾರ್ಟೆಂಟ್. ಕಷ್ಟದ ಪದಗಳ ಪಟ್ಟಿ ಹಿಡಿದು ದಿನಕ್ಕೆ 30ರಂತೆ ಎರಡು ತಿಂಗಳು ಬಾಯಿಪಾಠ ಮಾಡಿದೆ. ಈಗ ನೆನಪಿರುವುದು ಬೆರಳೆಣಿಕೆಯಷ್ಟು. ಅವನ್ನೂ ಎಲ್ಲಿ ಹಾಕಬೇಕು ಅಂತ ಗೊತ್ತಾಗುವುದಿಲ್ಲ. ಪುಸ್ತಕದ ಹೆಸರು ಬೇಡ, ನೀವು ಮಾಡಿ ನೋಡಿದ್ದನ್ನು ಹೇಳಿ.

ಪಿಎಚ್‌ಡಿ ಮುಗಿಸಿದವರು

ಮೊದಲು ಆ ಪಟ್ಟಿಯನ್ನು ಆಚೆ ಇಡಿ. ನಾನೂ ಅದೇ ಹಳ್ಳಕ್ಕೆ ಬಿದ್ದವಳು.

ಮೊದಲ ಅಧ್ಯಾಯದಲ್ಲಿ "ಅ ಪ್ಲೆಥೊರಾ ಆಫ್ ಸ್ಟಡೀಸ್" ಅಂತ ಬರೆದಿದ್ದೆ. ಮಾರ್ಗದರ್ಶಕರು ಅದನ್ನು ಹೊಡೆದುಹಾಕಿ "ಮೆನಿ ಸ್ಟಡೀಸ್" ಮಾಡಿದರು. ಕೆಳಗೆ "ಯುಟಿಲೈಸ್" ಇತ್ತು, ಅದು "ಯೂಸ್" ಆಯಿತು. ಬೇಜಾರಾಯ್ತು. ಕಷ್ಟಪಟ್ಟು ಕಲಿತ ಪದ ಅಲ್ವಾ! ಆದರೆ ಅದೇ ಪುಟದಲ್ಲಿ ನಾನು ಲೆಕ್ಕಕ್ಕೇ ಇಡದ ಒಂದು ಸಣ್ಣ ಪದಕ್ಕೆ ಕೆಂಪು ಸುತ್ತು ಬಿದ್ದಿತ್ತು. "ದಿಸ್ ಥಿಂಗ್" ಅಂತ ಬರೆದಿದ್ದೆ. ಪಕ್ಕದಲ್ಲಿ ಅವರ ಪ್ರಶ್ನೆ: ಯಾವ ಥಿಂಗ್? ಫ್ಯಾಕ್ಟರಾ, ಪ್ರೊಸೆಸ್ಸಾ, ಅಸಂಪ್ಷನ್ನಾ?

ನನಗೆ ಬೇಕಾಗಿದ್ದದ್ದು ಅಪರೂಪದ ಪದ ಅಲ್ಲ, ಸರಿಯಾದ ಪದ. ಫ್ಯಾಕ್ಟರ್, ಪ್ರೊಸೆಸ್, ಅಸ್ಯೂಮ್ ಮೂರೂ ನನಗೆ ಗೊತ್ತಿದ್ದವು. ಬರೆಯುವಾಗ ಕೈಗೆ ಬರುತ್ತಿರಲಿಲ್ಲ, ಅಷ್ಟೇ.

ಇಂಥ ಪದಗಳನ್ನೇ ಒಟ್ಟು ಮಾಡಿರುವ ಪಟ್ಟಿ ಒಂದಿದೆ, ಅಕಾಡೆಮಿಕ್ ವರ್ಡ್ ಲಿಸ್ಟ್. ನ್ಯೂಜಿಲೆಂಡಿನ ಭಾಷಾತಜ್ಞೆ ಆವ್ರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ್ದು. ಸುಮಾರು 35 ಲಕ್ಷ ಪದಗಳಷ್ಟು ಅಕಾಡೆಮಿಕ್ ಬರಹವನ್ನು ಜಾಲಾಡಿ, ಬೇರೆ ಬೇರೆ ವಿಷಯಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆರಿಸಿದ್ದಾರೆ. ಅನಲೈಸ್, ಅನಾಲಿಸಿಸ್, ಅನಲಿಟಿಕಲ್ ಎಲ್ಲ ಸೇರಿ ಒಂದು ಕುಟುಂಬ. ಎಲ್ಲರಿಗೂ ಗೊತ್ತಿರುವ ಮೊದಲ 2000 ಪದಗಳನ್ನು ಬಿಟ್ಟೇ ಎಣಿಸಿದ್ದಾರೆ. ಆದರೂ ಅಕಾಡೆಮಿಕ್ ಬರಹದಲ್ಲಿ ಸುಮಾರು 10% ಪದಗಳು ಈ 570ರಿಂದಲೇ ಬರುತ್ತವೆ. ಕಥೆ ಕಾದಂಬರಿಯಲ್ಲಾದರೆ 1.4% ಮಾತ್ರ. ಕಾದಂಬರಿ ಓದಿ ಓದಿ ಇಂಗ್ಲಿಷ್ ಚೆನ್ನಾಗಿದ್ದವರೂ ಪ್ರಬಂಧ ಬರೆಯುವಾಗ ಯಾಕೆ ತಡವರಿಸುತ್ತಾರೆ ಅನ್ನುವುದು ನನಗೆ ಆಗ ಹೊಳೆಯಿತು.

ಇದನ್ನೂ ಬಾಯಿಪಾಠ ಮಾಡಬೇಡಿ ಮತ್ತೆ. ನಾನು ಮಾಡಿದ್ದು ಇಷ್ಟು. ಪ್ರತಿ ಪದದ ಮುಂದೆ ಎರಡು ಪ್ರಶ್ನೆ: ಓದಿದರೆ ಗೊತ್ತಾ? ಯಾವತ್ತಾದರೂ ನಾನೇ ಬರೆದಿದ್ದೀನಾ? ಅರ್ಥ ಗೊತ್ತಿಲ್ಲದವು ನಲವತ್ತರ ಆಸುಪಾಸು ಇದ್ದವು. ಒಮ್ಮೆಯೂ ಬರೆಯದವು 300 ದಾಟಿದವು. ಆ 300ರಲ್ಲಿ ವಾರಕ್ಕೆ ಐದು ಪದ, ಆ ವಾರ ಬರೆಯುತ್ತಿದ್ದ ಪುಟದಲ್ಲೇ ಬಳಸಬೇಕು. ಹೊಂದದಿದ್ದರೆ ಬಿಡಬೇಕು, ತುರುಕಬಾರದು. ಒಂದು ವರ್ಷ ಹಿಡಿಯಿತು.

ಅನುವಾದ ಮಾಡುವವರು

ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ. ಪದ ಗೊತ್ತಿದ್ದರೂ ಅದರ ಜೊತೆಗಾರರು ಗೊತ್ತಿಲ್ಲದಿದ್ದರೆ ಎಡವಟ್ಟು.

ಕನ್ನಡದಲ್ಲೇ ನೋಡಿ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕನ್ನಡಕ ಹಾಕಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ "ವೇರ್" ಸಾಕು. ಕನ್ನಡ ಕಲಿಯುವವರು "ಕನ್ನಡಕ ಮುಡಿದೆ" ಅಂದರೆ ನಾವು ನಗುತ್ತೇವಲ್ಲ, ನಾವು ಇಂಗ್ಲಿಷಿನಲ್ಲಿ ಮಾಡುವುದೂ ಅದನ್ನೇ. ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ರಿಡ್ಯೂಸ್, ಮಿಟಿಗೇಟ್, ಅಲೀವಿಯೇಟ್ ಮೂರರ ಎದುರಿಗೂ "ತಗ್ಗಿಸು" ಸಿಗುತ್ತದೆ. ಅದನ್ನು ನಂಬಿ ನಾನು ಒಂದು ವರದಿಯಲ್ಲಿ "ಮಿಟಿಗೇಟ್ ದ ಪ್ರೈಸ್" ಅಂತ ಬರೆದೆ. ಓದಿದವರಿಗೆ ನಾನು ಹೇಳಿದ್ದು ತಿಳಿಯಿತು, ನಕ್ಕದ್ದೂ ನನಗೆ ತಿಳಿಯಿತು. ಮಿಟಿಗೇಟ್ ಆಗುವುದು ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್. ಅಲೀವಿಯೇಟ್ ಆಗುವುದು ಪೇನ್, ಪಾವರ್ಟಿ. ರಿಡ್ಯೂಸ್ ಮಾತ್ರ ಯಾರ ಜೊತೆಗಾದರೂ ಹೊರಡುತ್ತದೆ.

ಆಮೇಲಿಂದ ನಾನು ಒಂಟಿ ಪದವನ್ನು ಬರೆದಿಟ್ಟುಕೊಳ್ಳುವುದೇ ಬಿಟ್ಟೆ. ಜೋಡಿಯಾಗಿಯೇ ಬರೆದಿಡುತ್ತೇನೆ: ಕಂಡಕ್ಟ್ ಅ ಸರ್ವೆ, ಡ್ರಾ ಅ ಕನ್‌ಕ್ಲೂಷನ್, ರೇಸ್ ಅ ಕನ್ಸರ್ನ್. ಎರಡು ಭಾಷೆಯ ನಿಘಂಟಿಗಿಂತ, ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟು ಜಾಸ್ತಿ ಕೆಲಸಕ್ಕೆ ಬರುತ್ತದೆ. ಉದಾಹರಣೆ ವಾಕ್ಯ ಓದಿ, ಅರ್ಥ ಆಮೇಲೆ.

ಸಾಫ್ಟ್‌ವೇರ್ ಕೆಲಸದವರು

ಆಫೀಸಿನ ಕಥೆಯೇ ಬೇರೆ. ಇಲ್ಲಿ ಕಷ್ಟದ ಪದಕ್ಕಿಂತ ಗೊತ್ತಿದೆ ಅಂದುಕೊಂಡ ಪದವೇ ಕೈ ಕೊಡುತ್ತದೆ.

ಬೇರೆ ದೇಶದ ಸಹೋದ್ಯೋಗಿಗೆ ಒಂದು ಬದಲಾವಣೆಯ ಬಗ್ಗೆ ಮೇಲ್ ಕಳಿಸಿ, ಕೊನೆಯಲ್ಲಿ "ಪ್ಲೀಸ್ ರಿವರ್ಟ್ ಬೈ ಈವನಿಂಗ್" ಅಂತ ಸೇರಿಸಿದೆ. ಸಂಜೆಯೊಳಗೆ ಉತ್ತರ ಕೊಡಿ ಅನ್ನುವುದು ನನ್ನ ಲೆಕ್ಕ. ಅವರು ಸಂಜೆಯೊಳಗೆ ಆ ಬದಲಾವಣೆಯನ್ನೇ ವಾಪಸ್ ತೆಗೆದು, "ಡನ್" ಅಂತ ಬರೆದರು. ಎರಡು ದಿನದ ಕೆಲಸ! ತಪ್ಪು ಅವರದಲ್ಲ. ರಿವರ್ಟ್ ಅಂದರೆ ಮೊದಲಿದ್ದ ಸ್ಥಿತಿಗೆ ಮರಳುವುದು, ಉತ್ತರ ಕೊಡುವುದು ಅನ್ನುವ ಅರ್ಥ ಹೆಚ್ಚಾಗಿ ನಮ್ಮ ಕಡೆಯ ಬಳಕೆ. ಈಗ ಸುಮ್ನೆ "ರಿಪ್ಲೈ" ಅಂತ ಬರೆಯುತ್ತೇನೆ.

ಹೊರಗಿನವರಿಗೂ ಇದು ತಪ್ಪಿದ್ದಲ್ಲ. ಮೀಟಿಂಗಿನಲ್ಲಿ "ಟೇಬಲ್ ದಿಸ್" ಅಂದರೆ ಬ್ರಿಟಿಷರಿಗೆ ಈಗ ಚರ್ಚೆಗೆ ತರೋಣ ಅಂತ, ಅಮೆರಿಕದವರಿಗೆ ಸದ್ಯಕ್ಕೆ ಮುಂದೂಡೋಣ ಅಂತ. ಇಬ್ಬರೂ ಒಂದೇ ಕರೆಯಲ್ಲಿದ್ದರೆ ಯಾವುದು ಅಂತ ಕೇಳಿಬಿಡಿ, ನಾಚಿಕೆ ಬೇಡ.

ಕಾರ್ಡ್ ಹುಚ್ಚಿನವರು

ಬಾಯಿಪಾಠವೇ ತಪ್ಪು ಅನ್ನಬೇಡಿ ಸ್ವಾಮಿ. ದಿನಕ್ಕೆ 30 ಅನ್ನುವುದು ತಪ್ಪು. ಒಮ್ಮೆ ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಸೋರಿಹೋಗುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹಾಸ್ ತನ್ನ ಮೇಲೆಯೇ ಪರೀಕ್ಷೆ ಮಾಡಿಕೊಂಡು ಇದನ್ನು 1885ರಲ್ಲೇ ಬರೆದಿಟ್ಟಿದ್ದಾನೆ. ಅದಕ್ಕೇ ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳಬೇಕು: ಇವತ್ತು, ನಾಡಿದ್ದು, ವಾರ ಬಿಟ್ಟು, ತಿಂಗಳು ಬಿಟ್ಟು. ಆಂಕಿ ಥರದ, ಮುಂದೆ ಪ್ರಶ್ನೆ ಹಿಂದೆ ಉತ್ತರ ಇರುವ ಕಾರ್ಡುಗಳ ಆ್ಯಪ್‌ಗಳು ಆ ಲೆಕ್ಕ ತಾವೇ ಇಟ್ಟುಕೊಳ್ಳುತ್ತವೆ.

ಒಂದೇ ಷರತ್ತು. ಕಾರ್ಡಿನ ಮುಂದೆ ಪದ, ಹಿಂದೆ ಅರ್ಥ ಹಾಕಬೇಡಿ. ಹಾಗೆ ಮಾಡಿದರೆ ಓದುವಾಗ ಗುರುತು ಸಿಗುತ್ತದೆ, ಬರೆಯುವಾಗ ಕೈ ಖಾಲಿ. ನಿಮ್ಮ ತೊಂದರೆಯೂ ಅದೇ ಅಲ್ವಾ? ಮುಂದೆ ಖಾಲಿ ಜಾಗದ ವಾಕ್ಯ ಹಾಕಿ: "ವಿ ಟುಕ್ ಸ್ಟೆಪ್ಸ್ ಟು ____ ದ ರಿಸ್ಕ್." ಪದ ನಿಮ್ಮ ತಲೆಯಿಂದ ಬರಬೇಕು. ಹೊಸದು ದಿನಕ್ಕೆ ಐದು ಸಾಕು. ನಾನು ಹತ್ತಕ್ಕೆ ಏರಿಸಿ, ಬಾಕಿ ಕಾರ್ಡು ನಾನೂರಾಗಿ, ಆ್ಯಪ್ ತೆರೆಯಲು ಹೆದರಿಕೆಯಾಗಿ ಒಂದು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ.

ಸಮಾಜಶಾಸ್ತ್ರದವರು

ಯಾರೂ ಕ್ರಿಯಾಪದದ ತೂಕದ ಬಗ್ಗೆ ಹೇಳಲಿಲ್ಲ. 42 ಜನರನ್ನು ಮಾತಾಡಿಸಿ ನಾನು "ದಿಸ್ ಪ್ರೂವ್ಸ್" ಅಂತ ಬರೆದಿದ್ದೆ. ಪ್ರಕಟಣೆಗೆ ಮುಂಚೆ ಪ್ರಬಂಧ ಪರಿಶೀಲಿಸಿದ ವಿಮರ್ಶಕರು ಬರೆದದ್ದು ಒಂದೇ ಪದ: "ಪ್ರೂವ್ಸ್?" ಆ ಪ್ರಶ್ನಾರ್ಥಕ ಚಿಹ್ನೆ ಇವತ್ತಿಗೂ ಕಣ್ಣ ಮುಂದಿದೆ.

ಸಜೆಸ್ಟ್ ಅಂದರೆ ಹಾಗೆ ಕಾಣುತ್ತದೆ. ಇಂಡಿಕೇಟ್ ಸ್ವಲ್ಪ ಗಟ್ಟಿ. ಡೆಮಾನ್‌ಸ್ಟ್ರೇಟ್ ಅಂದರೆ ತೋರಿಸಿಕೊಟ್ಟಿದ್ದೇವೆ. ಪ್ರೂವ್ ಅನ್ನು ಗಣಿತದವರಿಗೆ ಬಿಟ್ಟುಬಿಡುವುದು ಒಳ್ಳೆಯದು. ಕನ್ನಡದಲ್ಲಿ ನಾವು "ಇರಬಹುದು", "ಅನ್ನಿಸುತ್ತದೆ", "ಇದ್ದಂತಿದೆ" ಅಂತ ಎಷ್ಟು ಸಲೀಸಾಗಿ ಅಳೆದು ಮಾತಾಡುತ್ತೇವೆ! ಇಂಗ್ಲಿಷಿಗೆ ಹೋದ ತಕ್ಷಣ ಎಲ್ಲದಕ್ಕೂ ಇಸ್, ಇಸ್, ಇಸ್. ಮೊದಲು ಕನ್ನಡದಲ್ಲಿ ಆ ವಾಕ್ಯ ಹೇಗೆ ಹೇಳುತ್ತಿದ್ದೆ ಅಂತ ಕೇಳಿಕೊಂಡರೆ ಎಷ್ಟು ತಗ್ಗಿಸಬೇಕು ಅನ್ನುವುದು ಗೊತ್ತಾಗುತ್ತದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಕಾಡೆಮಿಕ್ ಫ್ರೇಸ್‌ಬ್ಯಾಂಕ್ ಇಂಟರ್ನೆಟ್ಟಿನಲ್ಲಿದೆ. ಇಂಥ ವಾಕ್ಯಗಳ ತುಂಡುಗಳನ್ನು ಸಂದರ್ಭಕ್ಕೆ ತಕ್ಕಂತೆ ಜೋಡಿಸಿಟ್ಟಿದ್ದಾರೆ. ಇಡೀ ಪ್ಯಾರಾ ಎತ್ತಿಕೊಳ್ಳುವುದು ಬೇರೆ, ಇಂಥ ತುಂಡು ಬಳಸುವುದು ಬೇರೆ, ಕೃತಿಚೌರ್ಯ ಆಗುತ್ತೇನೋ ಅನ್ನುವ ಭಯ ಬೇಡ.

ಪಾಠ ಮಾಡುವವರು

ಒಂದೇ ಮಾತು: ಜೋರಾಗಿ ಹೇಳಿ ನೋಡಿ. ಅನಲೈಸ್‌ನಲ್ಲಿ ಒತ್ತು ಮೊದಲ ಭಾಗಕ್ಕೆ, ಅನಾಲಿಸಿಸ್‌ನಲ್ಲಿ ಎರಡನೆಯದಕ್ಕೆ, ಅನಲಿಟಿಕಲ್‌ನಲ್ಲಿ ಮೂರನೆಯದಕ್ಕೆ. ಕನ್ನಡದಲ್ಲಿ ಒತ್ತು ಹೀಗೆ ಜಾಗ ಬದಲಿಸುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಹಿಡಿಯುವುದಿಲ್ಲ. ಪದ ಸರಿಯಿದ್ದರೂ ಎದುರಿನವರು "ಸಾರಿ?" ಅನ್ನುವುದು ಎಷ್ಟೋ ಸಲ ಇದಕ್ಕೇ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ನನ್ನದೇ ಎರಡು ಪುಟ ತೆಗೆದು ನೋಡಿದೆ. ಇಂಪಾರ್ಟೆಂಟ್ ಹನ್ನೊಂದು ಸಲ, ಥಿಂಗ್ ಐದು ಸಲ. ನಾಲ್ಕು ಇಂಪಾರ್ಟೆಂಟನ್ನು ಸುಮ್ಮನೆ ಅಳಿಸಿದೆ, ವಾಕ್ಯಕ್ಕೆ ಏನೂ ಆಗಲಿಲ್ಲ! ಒಂದು ಅನುಮಾನ. "ಸಾಲ್ವ್ ದ ಪ್ರಾಬ್ಲಮ್" ಅಂತ ಬರೆದಿದ್ದೆ. ನಾನು ಓದುವ ಪ್ರಬಂಧಗಳಲ್ಲೆಲ್ಲ "ಅಡ್ರೆಸ್ ದ ಪ್ರಾಬ್ಲಮ್" ಅಂತ ಇದೆ. ಎರಡೂ ಒಂದೇನಾ?

ಅನುವಾದ ಮಾಡುವವರು

ಅಲ್ಲ. ಅಡ್ರೆಸ್ ಅಂದರೆ ಕೈ ಹಾಕಿದ್ದೀರಿ ಅಂತ. ಸಾಲ್ವ್ ಅಂದರೆ ಮುಗಿಸಿದ್ದೀರಿ ಅಂತ. ನಿಮ್ಮದು ಯಾವುದು?

ಕೇಳಿದವರು

ಕೈ ಹಾಕಿದ್ದೇನೆ ಅಷ್ಟೇ. ಅಡ್ರೆಸ್ ಅಂತಲೇ ಬರೆಯುತ್ತೇನೆ.